ಬೂಷ್ಟಿಗೆ ಹುಡುಕಿದ ಮದ್ದು

ಮಳೆಗಾಲದಲ್ಲಿ ಗಂಗೆ ಏರಿದಾಗ ನಮ್ಮ ವಾಚನಾಲಯದ ಕೆಳಹಲಗೆಯ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ವಾಚಕರೆಲ್ಲರೂ ಬಲ್ಲ ಸಂಗತಿ. ಒರಸಿ ಬಿಸಿಲಿಗೆ ಹರವಿದರೆ ಅದು ಹೋಗುತ್ತದೆ. ಬೂಷ್ಟು ಮನುಷ್ಯನ ಶ್ವಾಸಕೋಶದಲ್ಲೇ ಬೆಳೆದರೆ ಗತಿಯೇನು? ಹಾಗೂ ಉಂಟೆ ಎಂದು ಕೇಳಬಹುದು. ಉಂಟು.

ರಕ್ತದ ಕಣಗಳು ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಅವುಗಳಲ್ಲಿ ಬಿಳಿ ಕಣಗಳು ದೇಹದ ಕಾವಲುಗಾರರು. ಬೂಷ್ಟಿನ ಸೂಕ್ಷ್ಮ ಬೀಜಗಳು ಉಸಿರಿನೊಡನೆ ದಿನವೂ ನಮ್ಮೊಳಗೆ ಹೋಗುತ್ತವೆ. ಈ ಕಾವಲುಗಾರರು ಅವನ್ನು ಅಲ್ಲಿಯೇ ಮುಗಿಸಿಬಿಡುತ್ತಾರೆ. ತೀವ್ರ ರೀತಿಯ ರಕ್ತದ ಕ್ಯಾನ್ಸರಿನಲ್ಲಿ ಬಲಿಯದ ಬಿಳಿ ಕಣಗಳು ಮಿತಿಮೀರಿ ಹೆಚ್ಚಿ ಮಜ್ಜೆಯನ್ನೆಲ್ಲ ತುಂಬುತ್ತವೆ. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ, ಹಾಜರಿ ಪುಸ್ತಕ ಭರ್ತಿ, ಕೆಲಸಕ್ಕೆ ಆಳಿಲ್ಲ. ಕ್ಯಾನ್ಸರಿಗೆ ಕೊಡುವ ಔಷಧವೂ ಉಳಿದ ಒಳ್ಳೆಯ ಕಣಗಳನ್ನು ಕೆಲಕಾಲ ತಗ್ಗಿಸುತ್ತದೆ. ಇದೇ ಸಂದು ನೋಡಿ ಬೂಷ್ಟು ಬೇರೂರುತ್ತದೆ. ಕ್ಯಾನ್ಸರಿನಿಂದ ಪಾರಾಗಬಹುದಾಗಿದ್ದ ರೋಗಿ ಬೂಷ್ಟಿನಿಂದ ತೀರಿಕೊಂಡ ಉದಾಹರಣೆಗಳು ಎಷ್ಟೋ ಇವೆ.

ಇದಕ್ಕೆ ಮದ್ದು ಸಿಕ್ಕಿದ್ದು ಮಣ್ಣಿನಲ್ಲಿ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ಒರಿನೋಕೊ ನದಿಯ ಪ್ರದೇಶದಿಂದ ತಂದ ಮಣ್ಣಿನೊಳಗಿನ ಒಂದು ಸೂಕ್ಷ್ಮಜೀವಿಯಿಂದ, 1950ರ ದಶಕದಲ್ಲಿ, ಆಂಫೊಟೆರಿಸಿನ್-ಬಿ ಎಂಬ ಔಷಧವನ್ನು ತೆಗೆದರು. ಬೂಷ್ಟಿನ ಜೀವಕೋಶದ ಹೊರಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಜಿಡ್ಡಿನ ವಸ್ತುವಿದೆ. ಔಷಧವು ಅದಕ್ಕೆ ಅಂಟಿ ಪೊರೆಯನ್ನು ಕೆಡಿಸುತ್ತದೆ. ಒಳಗಿನ ಸಾರ ಸೋರಿ ಬೂಷ್ಟು ಸಾಯುತ್ತದೆ. ನಮ್ಮ ಜೀವಕೋಶಗಳಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇರುವುದರಿಂದ ನಾವು ಉಳಿಯುತ್ತೇವೆ. ಆದರೂ ಚಳಿಜ್ವರ, ಮೂತ್ರಪಿಂಡಕ್ಕೆ ಪೆಟ್ಟು ತಪ್ಪುತ್ತಿರಲಿಲ್ಲ. ಮುಂದೆ ಔಷಧವನ್ನು ಅತಿ ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಸೇರಿಸಿ ಕೊಡುವ ಕ್ರಮ ಬಂದ ಮೇಲೆ ಈ ತೊಂದರೆ ಬಹಳ ತಗ್ಗಿತು.

ಇನ್ನು ನಮ್ಮ ಕಾಶಿಯ ಮಾತು. ಬಿಹಾರದ ಹಳ್ಳಿಗಳನ್ನು ಬಹುಕಾಲ ಕಾಡಿದ ಕಾಲಾ ಆಜಾರ್ ಎಂಬ ರೋಗವು ಮರಳುನೊಣದ ಕಡಿತದಿಂದ ಬರುತ್ತದೆ. ಬಿಡದ ಜ್ವರ, ರಕ್ತಹೀನತೆ, ಊದಿದ ಗುಲ್ಮ, ಕೃಶವಾದ ಮೈ ಇದರ ಲಕ್ಷಣಗಳು. ಇದು ಮಜ್ಜೆಯನ್ನೂ ಹೊಕ್ಕು ರಕ್ತದ ಕಣಗಳನ್ನು ತಗ್ಗಿಸುವುದರಿಂದ, ನೋಡಿದವರಿಗೆ ರಕ್ತದ ಕ್ಯಾನ್ಸರೆಂದೇ ಅನುಮಾನ ಬರುವುದುಂಟು. ಹಿಂದೆ ಇದಕ್ಕೆ ಆಂಟಿಮನಿಯ ಸೂಜಿಮದ್ದು ಕೊಡುತ್ತಿದ್ದರು. ಬಿಹಾರದಲ್ಲಿ ಅದು ನಾಟದಾಯಿತು. ಈ ರೋಗದ ಕ್ರಿಮಿ ಬೂಷ್ಟಲ್ಲ. ಆದರೆ ಅದರ ಪೊರೆಯಲ್ಲಿಯೂ ಎರ್ಗೊಸ್ಟೆರಾಲ್ ಜಾತಿಯ ವಸ್ತುವೇ ಇದೆ! ಆದ್ದರಿಂದ ಬೂಷ್ಟಿನ ಮದ್ದು ಇದಕ್ಕೂ ತಾಗುತ್ತದೆ.

ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ವೈದ್ಯವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಡಾ. ಶ್ಯಾಮ ಸುಂದರ್ ಅವರು ಈ ದಾರಿಯಲ್ಲಿ ಬಹುಕಾಲ ದುಡಿದವರು. ಹಳೆಯ ಕ್ರಮದಲ್ಲಿ ದಿನ ಬಿಟ್ಟು ದಿನ 15 ಸಲ ಔಷಧ ಏರಿಸಬೇಕು. ರೋಗಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿರಬೇಕು. ದಿನಗೂಲಿಯವನಿಗೆ ಅದೆಂಥ ಶಿಕ್ಷೆಯೆಂಬುದನ್ನು ನಮಗೆ ಯಾರೂ ಹೇಳಬೇಕಾಗಿಲ್ಲ. ಅವರೂ ಅವರ ಜೊತೆಗಾರರೂ ಮುಜಫ್ಫರ್‌ಪುರದಲ್ಲಿ 304 ರೋಗಿಗಳಿಗೆ ಕೊಬ್ಬಿನ ಗುಳ್ಳೆಯ ಔಷಧವನ್ನು ಒಂದೇ ಸಲ ಕೊಟ್ಟು ನೋಡಿದರು. ಆರು ತಿಂಗಳ ನಂತರ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗಿದ್ದರು; ಹಳೆಯ ಕ್ರಮದ ಫಲವೂ ಅಷ್ಟೆ. 2010ರಲ್ಲಿ ಇದು ಪ್ರಕಟವಾಯಿತು. 2014ರಿಂದ ಸರ್ಕಾರವೇ ಈ ಒಂದು ಸಲದ ಚಿಕಿತ್ಸೆಯನ್ನು ಕೈಗೊಂಡಿತು.

ಕೆಲವು ವರ್ಷಗಳ ಹಿಂದೆ ನಮ್ಮ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಬಿಹಾರದ ತರುಣನೊಬ್ಬನಿಗೆ ಎರಡು ತಿಂಗಳು ಜ್ವರ ಬಿಡಲಿಲ್ಲ. ಬೀದಿಯ ವೈದ್ಯನೊಬ್ಬ ಮಲೇರಿಯಾ ಗುಳಿಗೆ ಕೊಟ್ಟು ಸೋತು, ಕಡೆಗೆ "ಬ್ಲಡ್ ಕ್ಯಾನ್ಸರ್" ಎಂದುಬಿಟ್ಟ. ಅಣ್ಣ ಊರಿನಲ್ಲಿ ಎರಡು ಕಟ್ಠಾ ಹೊಲ ಮಾರಲು ಮಾತನಾಡಿದ. ದೊಡ್ಡ ಆಸ್ಪತ್ರೆಯಲ್ಲಿ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕಾಗದದ ಪಟ್ಟಿಯ ಮೇಲೆ ಪರೀಕ್ಷಿಸಿದರು. ಅರ್ಧ ಗಂಟೆಯೊಳಗೆ ಕಾಲಾ ಆಜಾರ್ ಎಂದು ತಿಳಿಯಿತು. ಈಗ ಅವನು ಮತ್ತೆ ಮೂಟೆ ಹೊರುತ್ತಾನೆ, ಹೊಲವೂ ಉಳಿದಿದೆ.

ಆದಕಾರಣ ವಾಚಕರಲ್ಲಿ ವಿನಂತಿ. ಎರಡು ವಾರ ಮೀರಿ ಜ್ವರವಿದ್ದು ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಆಸ್ಪತ್ರೆಗೆ ಹೋಗಿರಿ. ಬಿಹಾರದ ಕಡೆ ವಾಸವಾಗಿದ್ದರೆ ಅದನ್ನು ಮರೆಯದೆ ವೈದ್ಯರಿಗೆ ಹೇಳಿರಿ. ಕ್ಯಾನ್ಸರೇ ಆದರೂ ಎದೆಗುಂದಬೇಕಾಗಿಲ್ಲ. 2019ರಲ್ಲಿ ಲಹರತಾರಾದಲ್ಲಿಯೂ ವಿಶ್ವವಿದ್ಯಾನಿಲಯದ ಆವರಣದಲ್ಲಿಯೂ ಟಾಟಾ ಸ್ಮಾರಕ ಕೇಂದ್ರದ ಆಸ್ಪತ್ರೆಗಳು ಉದ್ಘಾಟನೆಯಾಗಿವೆ. ಅಂಥ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೆ ಅವರನ್ನು ಗೋದಾಮಿನ ಧೂಳಿಗೆ, ಕಟ್ಟಡ ಕೆಡಹುವ ಕಡೆಗೆ ಬಿಡಬೇಡಿರಿ. ಬೂಷ್ಟು ಹಿಡಿದ ಪುಸ್ತಕವನ್ನು ಒರಸುವ ಕೆಲಸವೂ ಅವರಿಗೆ ಬೇಡ. ಅದನ್ನು ನಾವು ನೋಡಿಕೊಳ್ಳುತ್ತೇವೆ.