ಬ್ಲೂ-ರೇ ಯಂತ್ರವೂ ನಿಸ್ತಂತು ಚಿತ್ರಪ್ರವಾಹವೂ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ರಾಂಪುರದವರಿಗೆ ಹೇಳಬೇಕಾಗಿಲ್ಲ. ಬಾಯಿಮಾತಿನಲ್ಲಿ ಸಾರಿದ್ದು ಆ ಕಾಲಕ್ಕೇ ಗಾಳಿಯಲ್ಲಿ ಕರಗಿತು. ಬಂಡೆಯಲ್ಲಿ ಕೊರೆದದ್ದು ಎರಡು ಸಾವಿರ ವರ್ಷಗಳಿಗೂ ಮೇಲೆ ಉಳಿದು, ೧೮೯೨ರಲ್ಲಿ ಬಿ. ಎಲ್. ರೈಸ್ ಅವರ ಕಣ್ಣಿಗೆ ಬಿದ್ದಿತು. ಕೊರೆದಿಡುವುದು ಒಂದು ಕ್ರಮ, ಹರಿಯಬಿಡುವುದು ಇನ್ನೊಂದು ಕ್ರಮ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡಿರುವ ಯಂತ್ರವೇ ವೈ-ಫೈ ಸೌಕರ್ಯವುಳ್ಳ ಬ್ಲೂ-ರೇ ಪ್ಲೇಯರ್.

ಮೊದಲು ಕೊರೆದಿಡುವ ಕ್ರಮವನ್ನು ನೋಡೋಣ. ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಈ ಮೂರು ಡಿಸ್ಕುಗಳ ಅಗಲವೂ ೧೨ ಸೆಂಟಿಮೀಟರು. ಮೂರರಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳ ಸಾಲುಗಳಿದ್ದು, ಲೇಸರ್ ಕಿರಣವು ಅವುಗಳನ್ನು ಓದುತ್ತದೆ. ಸಿ.ಡಿ.ಯನ್ನು ಓದುವ ಕಿರಣದ ಅಲೆಯುದ್ದ ೭೮೦ ನ್ಯಾನೋಮೀಟರು, ಡಿ.ವಿ.ಡಿ.ಯ ಕೆಂಪು ಕಿರಣದ್ದು ೬೫೦. ಬ್ಲೂ-ರೇಯ ನೀಲಿ-ನೇರಿಳೆ ಕಿರಣದ್ದು ೪೦೫. ಎಳೆ ನಯವಾದಷ್ಟೂ ಅದೇ ಅಗಲದ ಸೀರೆಯಲ್ಲಿ ಹೆಚ್ಚು ಎಳೆಗಳು ಹಿಡಿಯುತ್ತವೆಂಬುದನ್ನು ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಬಲ್ಲರು. ಇಲ್ಲಿಯೂ ಹಾಗೆಯೇ. ಡಿ.ವಿ.ಡಿ.ಯ ಒಂದು ಪದರದಲ್ಲಿ ೪.೭ ಗಿಗಾಬೈಟ್ ಹಿಡಿದರೆ ಬ್ಲೂ-ರೇಯ ಒಂದು ಪದರದಲ್ಲಿ ೨೫, ಎರಡು ಪದರಗಳಲ್ಲಿ ೫೦ ಗಿಗಾಬೈಟ್ ಹಿಡಿಯುತ್ತದೆ.

ಇನ್ನು ಹರಿದು ಬರುವ ಚಿತ್ರ. ಮನೆಯ ಇಂಟರ್ನೆಟ್ ಸಂಪರ್ಕದ ರೌಟರ್ ಪೆಟ್ಟಿಗೆಯಿಂದ ರೇಡಿಯೋ ಅಲೆಗಳ ಮೂಲಕ ಚಿತ್ರವು ತುಣುಕು ತುಣುಕಾಗಿ ಪ್ಲೇಯರಿಗೆ ಬರುತ್ತದೆ. ಬಂದದ್ದನ್ನು ಯಂತ್ರವು ಒಡನೆಯೇ ತೋರಿಸಿಬಿಡದೆ ಸ್ವಲ್ಪ ಭಾಗವನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ನಲ್ಲಿಯ ನೀರು ನಿಂತರೂ ತೊಟ್ಟಿಯ ನೀರು ಸ್ವಲ್ಪ ಹೊತ್ತು ಬರುವುದಿಲ್ಲವೇ? ತೊಟ್ಟಿ ಬರಿದಾದಾಗ ಚಿತ್ರ ನಿಂತು ತೆರೆಯ ಮೇಲೆ ಚಕ್ರವೊಂದು ತಿರುಗತೊಡಗುತ್ತದೆ. ಸೆಕೆಂಡಿಗೆ ೫ ಮೆಗಾಬಿಟ್ ವೇಗದಲ್ಲಿ ಎರಡೂವರೆ ಗಂಟೆಯ ಚಿತ್ರ ನೋಡಿದರೆ ಸುಮಾರು ೫.೬ ಗಿಗಾಬೈಟ್ ಖರ್ಚಾಗುತ್ತದೆ. ಡಿಸ್ಕಿನಿಂದಾದರೋ ಸೆಕೆಂಡಿಗೆ ೪೦ ಮೆಗಾಬಿಟ್‌ವರೆಗೂ ಚಿತ್ರವು ಬರಬಲ್ಲದು. ಅದಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ, ವಿದ್ಯುತ್ತಿದ್ದರೆ ಸಾಕು.

ಹಾಗೆಂದು ವೈ-ಫೈ ನಿಷ್ಪ್ರಯೋಜಕವೆಂದು ತಿಳಿಯಬಾರದು. ಮನೆಯ ಕಂಪ್ಯೂಟರಿನಲ್ಲಿರುವ ಹಾಡು, ಭಾವಚಿತ್ರಗಳನ್ನು ಟಿ.ವಿ.ಯಲ್ಲಿ ತೋರಿಸಲು ಅನೇಕ ಪ್ಲೇಯರುಗಳಲ್ಲಿ ಅನುಕೂಲವಿದೆ. ಹೊಸ ಡಿಸ್ಕುಗಳ ರಕ್ಷಣಾ ಬೀಗವನ್ನು ತೆರೆಯಲು ಯಂತ್ರದೊಳಗಿನ ಸಾಫ್ಟ್‌ವೇರನ್ನು ಆಗಾಗ್ಗೆ ನವೀಕರಿಸಬೇಕಾಗುತ್ತದೆ. ಅದಕ್ಕೂ ಇಂಟರ್ನೆಟ್ ನೆರವಾಗುತ್ತದೆ. ಡಿಸ್ಕಿಗೂ ಕಟ್ಟುಪಾಡುಗಳುಂಟು. ಭಾರತವು ಬ್ಲೂ-ರೇಯ ‘ಸಿ’ ವಲಯಕ್ಕೆ ಸೇರಿದ್ದು, ಅಮೆರಿಕದ ‘ಎ’ ವಲಯಕ್ಕೆಂದೇ ಬೀಗ ಹಾಕಿದ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಸಾಮಾನ್ಯವಾಗಿ ಓಡದು.

ಆದರೆ ಈ ಯಂತ್ರದಲ್ಲಿ ಮೊದಲು ಮುಪ್ಪಾಗುವುದು ಇಂಟರ್ನೆಟ್ ಭಾಗವೇ. ಚಿತ್ರ ಕಳುಹಿಸುವ ಸಂಸ್ಥೆಯು ಹಳೆಯ ಮಾದರಿಗಳ ಕೈಬಿಟ್ಟರೆ ರಿಮೋಟಿನ ಆ ಗುಂಡಿಯನ್ನು ಎಷ್ಟು ಒತ್ತಿದರೂ ಫಲವಿಲ್ಲ. ಪ್ಲೇಯರುಗಳ ತಯಾರಿಕೆಯೂ ಇಳಿಮುಖವಾಗಿದೆ. ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿಗಳನ್ನು ತರುವುದನ್ನು ಸ್ಯಾಮ್‌ಸಂಗ್ ೨೦೧೯ರಲ್ಲಿಯೇ ನಿಲ್ಲಿಸಿತು. ಆದ್ದರಿಂದ ಕೊಳ್ಳುವವರು ಮೊದಲು ಡಿಸ್ಕು ಓದುವ ಭಾಗವನ್ನು ಪರೀಕ್ಷಿಸಿ, ವೈ-ಫೈಯನ್ನು ಮೇಲಿನ ಅನುಕೂಲವೆಂದು ಎಣಿಸುವುದು ಜಾಣತನ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು ೧೯೩೪ರಲ್ಲಿ. ಇಂದು ನೋಡೋಣವೆಂದರೆ ಅದರ ಒಂದು ಪ್ರತಿಯೂ ದೊರೆಯದು. ನೋಡಿ ಸಂತೋಷಪಡಲು ಹರಿದು ಬರುವ ಚಿತ್ರ ಸಾಕು. ಮುಂದಿನವರಿಗೆ ಉಳಿಸಬೇಕಾದರೆ ಹಲವು ಕೈಗಳಲ್ಲಿ ಪ್ರತಿಗಳಿರಬೇಕು. ನಮ್ಮೂರ ಬೆಟ್ಟದ ಬಂಡೆಗಳೂ ಈ ಮಾತನ್ನೇ ಹೇಳುತ್ತಿವೆ.