ಲಸಿಕೆ, ಉಬ್ಬಸ ಮತ್ತು ಒಂದು ಹಳೆಯ ಅನುಮಾನ

ಎಳವೆಯಲ್ಲಿ ಹಾಕಿಸಿದ ಲಸಿಕೆಗಳಿಂದಲೇ ಮುಂದೆ ಉಬ್ಬಸ, ಅಲರ್ಜಿ ಬರುತ್ತದೆ ಎಂಬ ಅನುಮಾನ ಹುಟ್ಟಿದ್ದು, ಎರಡೂ ಒಂದೇ ಕಾಲದಲ್ಲಿ ಹೆಚ್ಚಿದ್ದರಿಂದ. ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ 1979ರಲ್ಲಿ ಶೇ. 9ರಷ್ಟಿದ್ದ ಉಬ್ಬಸ 1999ಕ್ಕೆ ಶೇ. 29.5 ಮುಟ್ಟಿತ್ತು. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ಊರಿನ ಹೊಗೆಯೂ ಏರಿತ್ತು. ವಾಹನ ದಟ್ಟಣೆಯ ಕಡೆಯ ಶಾಲೆಗಳಲ್ಲಿ ಶೇ. 19ರಷ್ಟು ಮಕ್ಕಳಿಗೆ ಉಬ್ಬಸವಿದ್ದರೆ, ದಟ್ಟಣೆ ಕಡಿಮೆಯಿದ್ದ ಕಡೆ ಶೇ. 11ರಷ್ಟು ಮಕ್ಕಳಿಗಷ್ಟೇ ಇತ್ತು. ಊರು ಒಂದೇ, ಲಸಿಕೆಗಳ ಪಟ್ಟಿಯೂ ಒಂದೇ.

ಅನುಮಾನಕ್ಕೆ ಒಂದು ಸಿದ್ಧಾಂತದ ಬಲವೂ ಸಿಕ್ಕಿತು. ಒಡಹುಟ್ಟಿದವರು ಹೆಚ್ಚಿರುವ ಮನೆಗಳ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ ಎಂದು ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ 1989ರಲ್ಲಿ ತೋರಿಸಿದರು. ಎಳೆಯ ದೇಹ ಸೋಂಕುಗಳ ಜೊತೆ ಹೋರಾಡಿ ಪಳಗದಿದ್ದರೆ ಧೂಳಿಗೂ ಪರಾಗಕ್ಕೂ ರೇಗುತ್ತದೆ ಎಂಬುದು ಅದರ ತಿರುಳು. ಹಾಗಾದರೆ ಸೋಂಕು ತಡೆಯುವ ಲಸಿಕೆಯದೇ ತಪ್ಪಲ್ಲವೇ? ಅಲ್ಲ. ಲಸಿಕೆ ತಡೆಯುವುದು ಕೆಲವೇ ರೋಗಗಳನ್ನು. ನೆಗಡಿ, ಭೇದಿ, ಮಣ್ಣಿನ ಅಸಂಖ್ಯ ಸೂಕ್ಷ್ಮಜೀವಿಗಳು ಮಗುವಿಗೆ ಎಂದಿನಂತೆ ಎದುರಾಗುತ್ತಲೇ ಇರುತ್ತವೆ. ಲಸಿಕೆ ಕಡ್ಡಾಯವಾಗಿದ್ದ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಉಬ್ಬಸವೂ ಪರಾಗದ ಅಲರ್ಜಿಯೂ ಪಶ್ಚಿಮದ ಮ್ಯೂನಿಕ್‌ಗಿಂತ ಕಡಿಮೆಯೇ ಇದ್ದವು.

ವೈದ್ಯರ ಕಡತಗಳನ್ನಷ್ಟೇ ನೋಡಿದರೆ ಮೋಸ ಹೋಗುವುದು ಸುಲಭ. ಬ್ರಿಟನ್ನಿನ 29,238 ಮಕ್ಕಳ ದಾಖಲೆಗಳಲ್ಲಿ ಮೊದಲು ಲಸಿಕೆಗೂ ಅಲರ್ಜಿಗೂ ನಂಟು ಕಂಡಿತ್ತು. ಬಿಡಿಸಿ ನೋಡಿದಾಗ, ಅದು ಇದ್ದದ್ದು ವೈದ್ಯರ ಬಳಿ ಅಪರೂಪಕ್ಕೆ ಹೋಗುವ ಮಕ್ಕಳಲ್ಲಿ ಮಾತ್ರ. ಲಸಿಕೆಗೂ ಬಾರದ ಮಗುವಿನ ಮೈತುರಿಕೆಯನ್ನು ಬರೆದಿಡುವವರು ಯಾರು? ಈ ತೊಡಕಿಲ್ಲದ ಪರೀಕ್ಷೆ ನಡೆದದ್ದು ಸ್ವೀಡನ್ನಿನಲ್ಲಿ. ನಾಯಿಕೆಮ್ಮಿನ ಲಸಿಕೆ ಯಾರಿಗೆ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, 669 ಮಕ್ಕಳನ್ನು ಎರಡೂವರೆ ವರ್ಷದವರೆಗೆ ಗಮನಿಸಿದರು. ಅಲರ್ಜಿ ರೋಗಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಉಬ್ಬಸ ಹೆಚ್ಚು ಕಂಡದ್ದು ನಾಯಿಕೆಮ್ಮೇ ಬಂದಿದ್ದ ಮಕ್ಕಳಲ್ಲಿ.

ಇದಕ್ಕೆ ತದ್ವಿರುದ್ಧವಾದ ಆಸೆಯೊಂದೂ ಇತ್ತು. ಎಡತೋಳಿನ ಮೇಲೆ ಬಟಾಣಿಯಷ್ಟು ಕಲೆ ಉಳಿಸುವ ಕ್ಷಯದ ಲಸಿಕೆ ಬಿಸಿಜಿ ಅಲರ್ಜಿಯನ್ನೂ ತಡೆದೀತು ಎಂಬುದು ಅದು. ಡೆನ್ಮಾರ್ಕ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ಪರೀಕ್ಷಿಸಿದಾಗ, 13 ತಿಂಗಳಾಗುವಷ್ಟರಲ್ಲಿ ಇಸುಬಿನ ಪ್ರಮಾಣದಲ್ಲಿ ಒಟ್ಟಾರೆ ಗಮನಾರ್ಹ ಇಳಿಕೆ ಸಿಗಲಿಲ್ಲ; ಹೆತ್ತವರಿಗೆ ಅಲರ್ಜಿ ಇದ್ದ ಮಕ್ಕಳಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ಕಂಡಿತು.

ಲಸಿಕೆಯಿಂದ ನಿಜಕ್ಕೂ ಆಗುವ ತೀವ್ರ ಅಲರ್ಜಿ ಬೇರೆಯದೇ ಬಗೆಯದು. ಅದು ಹತ್ತು ಲಕ್ಷ ಡೋಸ್‌ಗಳಿಗೆ ಸುಮಾರು ಒಬ್ಬರಲ್ಲಿ, ಹೆಚ್ಚಾಗಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿಗೆ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕಾಗಿಯೇ.