ವಸತಿಗೃಹದ ಕೋಣೆಯಲ್ಲಿ ಟೆಲಿವಿಷನ್

ಊರು ಬಿಟ್ಟು ಪರಸ್ಥಳದಲ್ಲಿ ಒಂದು ರಾತ್ರಿ ಕಳೆಯುವವನಿಗೆ ಹಿಂದಿನ ಕಾಲದಲ್ಲಿ ಬೇಕಾಗಿದ್ದುದು ಸ್ವಲ್ಪವೇ. ಒಂದು ತಂಬಿಗೆ ನೀರು, ಒಂದು ಚಾಪೆ, ಬಾಗಿಲಿಗೆ ಗಟ್ಟಿಯಾದ ಅಗುಳಿ ಇಷ್ಟಿದ್ದರೆ ಛತ್ರದ ವಾಸ ಸುಖವಾಗಿಯೇ ಸಾಗುತ್ತಿತ್ತು. ಇಂದು ಛತ್ರಗಳ ಸ್ಥಾನವನ್ನು ಬಹುಮಟ್ಟಿಗೆ ವಸತಿಗೃಹಗಳು ಪಡೆದಿವೆ. ನಮ್ಮ ಆಡುಮಾತಿನಲ್ಲಿ ಹೋಟೆಲೆಂದರೆ ಇಡ್ಲಿ ಕಾಫಿಯ ಸ್ಥಳ, ತಂಗುವ ಸ್ಥಳವೆಂದರೆ ಲಾಡ್ಜು. ಲಾಡ್ಜಿನ ಕೋಣೆಯನ್ನು ಹೊಕ್ಕ ಅತಿಥಿಯು ದೀಪದ ಸ್ವಿಚ್ಚಾದ ಮೇಲೆ ಹುಡುಕುವ ವಸ್ತುವೆಂದರೆ ಟೆಲಿವಿಷನ್ನಿನ ರಿಮೋಟು. ಮುಂದೆ ನಡೆಯುವುದು ನಮ್ಮಲ್ಲಿ ಅನೇಕರ ಅನುಭವಕ್ಕೆ ಬಂದ ಸಂಗತಿಯೇ. ಗೋಡೆಯ ಮೇಲೆ ಹೊಸ ಟಿ.ವಿ. ಇದೆ, ಆದರೆ ಮುಖಗಳೆಲ್ಲ ಅಡ್ಡಕ್ಕೆ ಊದಿಕೊಂಡಿವೆ, ಅಕ್ಷರಗಳು ಮಸುಕಾಗಿವೆ, ಬೇಕಾದ ಚಾನೆಲು ಎಷ್ಟು ಒತ್ತಿದರೂ ಬಾರದು. "ಇಷ್ಟು ಬಾಡಿಗೆ ತೆಗೆದುಕೊಂಡು ಇಂಥ ಟಿ.ವಿ.ಯೇ?" ಎಂದು ಅತಿಥಿಯು ಗುಡುಗುತ್ತಾನೆ.

ಈ ಗುಡುಗಿನ ಸಿಡಿಲು ಎರಗುವುದು ನೀರಿನ ಜಗ್ಗು ಹಿಡಿದು ಬಂದ ರೂಂಬಾಯಿಯ ಮೇಲೆ. ನಮ್ಮ ತಂದೆಯವರು ಜಿಲ್ಲಾ ಕೇಂದ್ರವೊಂದರ ಬಸ್ಸು ನಿಲ್ದಾಣದ ಬಳಿಯ ಲಾಡ್ಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಈ ಕೆಲಸದಲ್ಲಿದ್ದಾರೆ. ಐವತ್ತು ದಾಟಿದ ಅವರನ್ನು ನನ್ನ ವಯಸ್ಸಿನ ಹುಡುಗರು 'ಬಾಯ್' ಎಂದು ಕರೆದು, ಚಿತ್ರ ಸರಿಯಿಲ್ಲವೆಂದು ಗದರುವುದನ್ನು ನಾನು ಕಂಡಿದ್ದೇನೆ. ರಜೆಯ ದಿನಗಳಲ್ಲಿ ಅಲ್ಲಿಯೇ ಕೆಲಸ ಮಾಡಿದ ನಾನು, ಕೇಬಲ್ಲಿನವರು ಬಂದಾಗ ಏಣಿ ಹಿಡಿದು ನಿಂತು ಕೇಳಿ ತಿಳಿದುದು ಕೆಲವು, ಬಳಿಕ ಓದಿ ತಿಳಿದುದು ಕೆಲವು. ಇವುಗಳಿಂದ ನನಗೆ ಸ್ಪಷ್ಟವಾದ ವಿಷಯವೊಂದೇ: ಕೋಣೆಯಲ್ಲಿ ಕಾಣುವ ಚಿತ್ರದ ಗುಣವೂ ಚಾನೆಲುಗಳ ಆಯ್ಕೆಯೂ ಬಹುತೇಕ ಕೋಣೆಯ ಹೊರಗೆಯೇ ನಿರ್ಧಾರವಾಗಿರುತ್ತವೆ. ಅದು ಹೇಗೆಂಬುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತು. ಬೆಂಗಳೂರಿನ ದೂರದರ್ಶನ ಕೇಂದ್ರವು ಕಾರ್ಯಾರಂಭ ಮಾಡಿದುದು 1981ರಲ್ಲಿ. ಅಂದು ಇದ್ದುದು ಒಂದೇ ಚಾನೆಲಾದುದರಿಂದ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. 1991ರ ಗಲ್ಫ್ ಯುದ್ಧದ ದೃಶ್ಯಗಳನ್ನು ಸಿ.ಎನ್.ಎನ್. ಸಂಸ್ಥೆಯು ಉಪಗ್ರಹದ ಮೂಲಕ ಬಿತ್ತರಿಸಿದಾಗ, ನಮ್ಮ ದೇಶದಲ್ಲಿ ಅದನ್ನು ಮೊದಮೊದಲು ಕಂಡವರಲ್ಲಿ ದೊಡ್ಡ ನಗರಗಳ ಪಂಚತಾರಾ ಹೋಟೆಲುಗಳ ಅತಿಥಿಗಳು ಸೇರಿದ್ದರು. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯಾದ ಉದಯ ಟಿ.ವಿ. ಬಂದುದು 1994ರಲ್ಲಿ. ಹೀಗೆ ಒಂದು ಕಾಲದಲ್ಲಿ ಮನೆಯಲ್ಲಿಲ್ಲದ ಚಾನೆಲು ಹೋಟೆಲಿನಲ್ಲಿತ್ತು. ಇಂದು ಮನೆಯಲ್ಲಿ ಸ್ವಚ್ಛವಾಗಿ ಕಾಣುವ ಚಾನೆಲು ಸಾಧಾರಣ ಲಾಡ್ಜಿನಲ್ಲಿ ಮಸುಕಾಗಿ ಕಾಣುತ್ತದೆ. ಕಾಲಚಕ್ರವು ಹೀಗೆ ತಿರುಗಲು ಕಾರಣವೇನು?

ಕಾರಣವನ್ನು ಅರಿಯಬೇಕಾದರೆ ಲಾಡ್ಜಿನ ಮಹಡಿಯ ಮೇಲಿನ ಚಿಕ್ಕ ಕೋಣೆಯನ್ನು ಹೊಕ್ಕು ನೋಡಬೇಕು. ಅದನ್ನು ಹೆಡ್‌ಎಂಡ್ ಎನ್ನುತ್ತಾರೆ. ಮನೆಗಳಿಗೆ ಬರುವ ಕೇಬಲ್ ಪ್ರಸಾರವು 2012ರಿಂದ ಹಂತಹಂತವಾಗಿ ಡಿಜಿಟಲ್ ಪದ್ಧತಿಗೆ ಬದಲಾಯಿತು. ಬೆಂಗಳೂರು ಮತ್ತು ಮೈಸೂರುಗಳ ಸರದಿ 2013ರಲ್ಲಿ ಬಂದಿತು. ಅಂದಿನಿಂದ ಮನೆಯ ಪ್ರತಿಯೊಂದು ಟಿ.ವಿ.ಗೂ ಒಂದು ಸೆಟ್‌ಟಾಪ್ ಬಾಕ್ಸು ಬೇಕಾಯಿತು. ಇಪ್ಪತ್ತನಾಲ್ಕು ಕೋಣೆಗಳ ಲಾಡ್ಜಿನವರು ಇಪ್ಪತ್ತನಾಲ್ಕು ಬಾಕ್ಸುಗಳನ್ನಿಟ್ಟು, ಅಷ್ಟಕ್ಕೂ ತಿಂಗಳ ಬಾಡಿಗೆ ತೆತ್ತು, ಕಳೆದುಹೋಗುವ ರಿಮೋಟುಗಳನ್ನು ಕಾಯುವುದು ಕಷ್ಟವೆಂದು ಬೇರೊಂದು ದಾರಿಯನ್ನು ಹಿಡಿದರು. ಬಾಕ್ಸುಗಳನ್ನು ಕೋಣೆಗಳಲ್ಲಿಡದೆ ಹೆಡ್‌ಎಂಡಿನಲ್ಲಿಯೇ ಸಾಲಾಗಿ ಇಟ್ಟು, ಒಂದೊಂದನ್ನೂ ಒಂದೊಂದು ಚಾನೆಲಿಗೆ ತಿರುಗಿಸಿ ಬಿಟ್ಟರು. ಪ್ರತಿ ಬಾಕ್ಸಿನಿಂದ ಹೊರಟ ಚಿತ್ರವನ್ನು ಮಾಡ್ಯುಲೇಟರ್ ಎಂಬ ಯಂತ್ರವು ಹಳೆಯ ಅನಲಾಗ್ ಸಂಕೇತವನ್ನಾಗಿ ಪರಿವರ್ತಿಸಿ, ಪ್ರತ್ಯೇಕ ಆವರ್ತನದಲ್ಲಿ ಒಂದೇ ತಂತಿಗೆ ಸೇರಿಸುತ್ತದೆ.

ಈಗ ಚಾನೆಲುಗಳು ಏಕೆ ಕಡಮೆಯೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಮನೆಯಲ್ಲಿ ಒಂದು ಬಾಕ್ಸಿನಿಂದ ನೂರಾರು ಚಾನೆಲುಗಳನ್ನು ಒಂದಾದ ಮೇಲೊಂದರಂತೆ ನೋಡಬಹುದು. ಲಾಡ್ಜಿನಲ್ಲಿ ಒಂದು ಬಾಕ್ಸೆಂದರೆ ಒಂದೇ ಚಾನೆಲು. ಮೂವತ್ತು ಚಾನೆಲುಗಳನ್ನು ಕೊಡಬೇಕಾದರೆ ಮೂವತ್ತು ಬಾಕ್ಸು, ಮೂವತ್ತು ಮಾಡ್ಯುಲೇಟರ್. ಮೂವತ್ತೊಂದನೆಯದನ್ನು ಕೇಳುವ ಅತಿಥಿಯು, ತಾನರಿಯದೆಯೇ, ಇನ್ನೊಂದು ಜೊತೆ ಯಂತ್ರಗಳ ಖರ್ಚನ್ನು ಕೇಳುತ್ತಿರುತ್ತಾನೆ.

ಇನ್ನು ಚಿತ್ರದ ಗುಣ. ಗೋಡೆಯ ಮೇಲಿನ ಹೊಸ ಟಿ.ವಿ.ಯು ಪೂರ್ಣ ಎಚ್.ಡಿ. ಮಾದರಿಯದಾದರೆ ಅದರ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಹಳೆಯ ಮಟ್ಟದ ಚಿತ್ರದಲ್ಲಿರುವುದು ಅಡ್ಡಕ್ಕೆ 720, ಉದ್ದಕ್ಕೆ 576, ಎಂದರೆ 4,14,720 ಬಿಂದುಗಳು. ಭಾಗಿಸಿ ನೋಡಿದರೆ ಸರಿಯಾಗಿ ಐದರಲ್ಲಿ ಒಂದು ಪಾಲು! ಉಳಿದ ನಾಲ್ಕು ಪಾಲನ್ನು ಟಿ.ವಿ.ಯು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಊಹಿಸಿ ತುಂಬುತ್ತದೆ. ಮಾಡ್ಯುಲೇಟರಿನ ಹಾದಿಯಲ್ಲಿ ಇದ್ದ ಒಂದು ಪಾಲೂ ಸ್ವಲ್ಪ ಸವೆದಿರುತ್ತದೆ. ಆದಕಾರಣ ಪರದೆಯು ದೊಡ್ಡದಾದಷ್ಟೂ ಮಸುಕು ಎದ್ದು ಕಾಣುತ್ತದೆ. ಚಿಕ್ಕ ಕೈವಸ್ತ್ರವನ್ನು ಎಳೆದು ಮಂಚಕ್ಕೆ ಹೊದಿಸಿದಂತೆ ಇದು. ಹಳೆಯ ಟಿ.ವಿ.ಯನ್ನು ತೆಗೆದು ದುಬಾರಿಯದನ್ನು ತಂದ ಮಾಲೀಕರು "ಹಳೆಯದೇ ಚೆನ್ನಾಗಿತ್ತಲ್ಲ!" ಎಂದು ಬೆರಗಾಗುವುದಕ್ಕೆ ಇದೇ ಕಾರಣ.

ಮುಖಗಳು ಊದಿಕೊಳ್ಳುವುದು ಬೇರೆಯ ದೋಷ. ಹಳೆಯ ಚಿತ್ರದ ಅಗಲ ಎತ್ತರಗಳ ಪ್ರಮಾಣ 4ಕ್ಕೆ 3. ಇಂದಿನ ಪರದೆಯದು 16ಕ್ಕೆ 9. ಮೊದಲಿನದನ್ನು ಎರಡನೆಯದರ ತುಂಬ ಹರಡಿದರೆ ಪ್ರತಿಯೊಂದು ವಸ್ತುವೂ ತನ್ನ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಅಗಲವಾಗುತ್ತದೆ. ಚಕ್ರವು ಮೊಟ್ಟೆಯಾಗುತ್ತದೆ, ಸಣಕಲು ನಾಯಕನು ಪೈಲ್ವಾನನಾಗುತ್ತಾನೆ. ಇದು ಮಾತ್ರ ಕೋಣೆಯಲ್ಲಿಯೇ ಸರಿಪಡಿಸಬಹುದಾದ ದೋಷ. ರಿಮೋಟಿನಲ್ಲಿ ಚಿತ್ರದ ಅಳತೆಯ ಗುಂಡಿಯಿದ್ದರೆ ಅದನ್ನೊತ್ತಿ 4:3 ಎಂಬುದನ್ನು ಆರಿಸಿದರೆ ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿ ಬಂದು ಮುಖಗಳು ಮೊದಲಿನಂತಾಗುತ್ತವೆ.

ಮೂರನೆಯ ದೋಷವು ತಂತಿಯದು. ಹೆಡ್‌ಎಂಡಿನಿಂದ ಹೊರಟ ಸಂಕೇತವನ್ನು ಕಾಲುವೆಯ ನೀರಿಗೆ ಹೋಲಿಸಬಹುದು. ತುಂಗಭದ್ರಾ ಅಚ್ಚುಕಟ್ಟಿನ ರೈತರನ್ನು ಕೇಳಿದರೆ ಕಾಲುವೆಯ ಕೊನೆಯ ಹೊಲದವನ ಪಾಡೇನೆಂಬುದನ್ನು ಹೇಳುತ್ತಾರೆ. ಮೂರನೆಯ ಮಹಡಿಯ ತುದಿಯ ಕೋಣೆಯೂ ಅಂಥದೇ. ತಂತಿಯು ಎರಡಾಗಿ ಕವಲೊಡೆದಲ್ಲಿ ಬಲವು ಅರ್ಧವಾಗುತ್ತದೆ. ಎಂಟಾಗಿ ಒಡೆದಲ್ಲಿ ಎಂಟನೆಯ ಒಂದು ಪಾಲಿಗೂ ಕಡಮೆ ಉಳಿಯುತ್ತದೆ. ತಂತಿಯ ಉದ್ದದಲ್ಲಿ ಆಗುವ ನಷ್ಟವಂತೂ ಹೆಚ್ಚಿನ ಆವರ್ತನಗಳಲ್ಲಿ ಹೆಚ್ಚು. ಮೊದಲ ಕೆಲವು ಚಾನೆಲುಗಳು ಸ್ವಚ್ಛವಾಗಿದ್ದು ಕೊನೆಯವುಗಳಲ್ಲಿ ಹಿಮ ಸುರಿದಂತೆ ಬಿಳಿಯ ಚುಕ್ಕೆಗಳು ಕಾಣುವುದು ಬಹುಮಟ್ಟಿಗೆ ಇದರಿಂದಲೇ. ಕೊನೆಯಲ್ಲಿ ಆಂಪ್ಲಿಫೈಯರ್ ಕೂರಿಸಿ ಬಲ ಹೆಚ್ಚಿಸಬಹುದಲ್ಲವೇ ಎಂದರೆ, ಅಷ್ಟರಲ್ಲಿ ಸಂಕೇತದೊಡನೆ ಕಲಬೆರಕೆಯೂ ಸೇರಿರುತ್ತದೆ. ಕಳೆ ತೆಗೆಯದ ಹೊಲಕ್ಕೆ ಗೊಬ್ಬರ ಹಾಕಿದರೆ ಪೈರಿನೊಡನೆ ಕಳೆಯೂ ಬೆಳೆಯುತ್ತದೆ. ಬಲವನ್ನು ಹೆಚ್ಚಿಸಬೇಕಾದುದು ಸಂಕೇತವು ದುರ್ಬಲವಾಗುವ ಮೊದಲು.

ಕೆಲವು ಕೋಣೆಗಳಲ್ಲಿ ಪ್ರತಿ ಆಕೃತಿಯ ಬಲಗಡೆ ಅದರ ನೆರಳಿನಂಥ ಎರಡನೆಯ ಆಕೃತಿ ಕಾಣುವುದುಂಟು. ಇದನ್ನು ಮೆಕ್ಯಾನಿಕರು 'ಗೋಸ್ಟ್' ಎನ್ನುತ್ತಾರೆ. ಇದು ಯಾವ ಪಿಶಾಚಿಯ ಚೇಷ್ಟೆಯೂ ಅಲ್ಲ. ಟಿ.ವಿ. ತೆಗೆದುಹಾಕಿದ ಕೋಣೆಯಲ್ಲಿ ತಂತಿಯ ತುದಿಯನ್ನು ಹಾಗೆಯೇ ಬಿಟ್ಟಿದ್ದರೆ, ಸಂಕೇತವು ಅಲ್ಲಿಗೆ ತಾಗಿ, ಬಾವಿಯಲ್ಲಿ ಕೂಗಿದ ದನಿಯಂತೆ ಹಿಂದಿರುಗುತ್ತದೆ. ಪರದೆಯ ಮೇಲೆ ಒಂದು ಗೆರೆಯನ್ನು ಎಡದಿಂದ ಬಲಕ್ಕೆ ಎಳೆಯಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 52 ಭಾಗ. ತಂತಿಯಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಐದರಲ್ಲಿ ನಾಲ್ಕು ಪಾಲು. ಪ್ರತಿಧ್ವನಿಯು 25 ಮೀಟರ್ ಹೋಗಿ 25 ಮೀಟರ್ ಹಿಂದಿರುಗಿ ಬಂದರೆ, 52 ಸೆಂಟಿಮೀಟರ್ ಅಗಲದ ಪರದೆಯಲ್ಲಿ ನೆರಳು ಸುಮಾರು ಎರಡು ಮಿಲಿಮೀಟರ್ ಬಲಕ್ಕೆ ಬೀಳುತ್ತದೆ. ಬರಿದಾದ ತುದಿಗೆ 75 ಓಮಿನ ಚಿಕ್ಕ ಮುಚ್ಚಳವೊಂದನ್ನು ಹಾಕಿದರೆ ಆ ತುದಿಯಿಂದ ಬರುವ ನೆರಳು ಮಾಯವಾಗುತ್ತದೆ. ಅಲ್ಪ ಬೆಲೆಯ ಈ ವಸ್ತುವಿಲ್ಲದೆ ಪಕ್ಕದ ಕೋಣೆಯ ಅತಿಥಿಯು ರಾತ್ರಿಯೆಲ್ಲ ಒಬ್ಬ ನಟನನ್ನು ಇಬ್ಬರಾಗಿ ಕಾಣುತ್ತಾನೆ.

ಡಿಜಿಟಲ್ ಸಂಕೇತವನ್ನೇ ಕೋಣೆಯವರೆಗೆ ಒಯ್ಯುವ ಲಾಡ್ಜುಗಳೂ ಇವೆ. ಅಲ್ಲಿ ಹಿಮವೂ ನೆರಳೂ ಇಲ್ಲ. ಆದರೆ ಡಿಜಿಟಲ್ ಚಿತ್ರವು ನಿಧಾನವಾಗಿ ಕೆಡುವುದನ್ನರಿಯದು. ಬಲವು ಒಂದು ಮಿತಿಯ ಮೇಲಿರುವವರೆಗೆ ಚಿತ್ರ ಸ್ವಚ್ಛ. ಮಿತಿಗಿಂತ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ನಿಂತೇಬಿಡುತ್ತದೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಇದು ಪರಿಚಿತ ದೃಶ್ಯ. ಚಿಕ್ಕ ಡಿಶ್‌ಗಳಿಗೆ ಬರುವ ಕೆ.ಯು. ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆಹನಿಗಳು ಹೀರಿ ಚೆದರಿಸುತ್ತವೆ. ಇದರ ದೋಷವನ್ನು ವರುಣನ ಮೇಲಲ್ಲದೆ ಮತ್ತಾರ ಮೇಲೂ ಹೊರಿಸಲಾಗದು.

ಇದುವರೆಗೆ ಹೇಳಿದುದು ಯಂತ್ರದ ಮಾತು. ಇನ್ನು ಮನುಷ್ಯರ ಮಾತು. 2019ರಿಂದ ಟ್ರಾಯ್ ನಿಯಮದಂತೆ ಚಂದಾದಾರನು ತನಗೆ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಆದರೆ ಲಾಡ್ಜಿನಲ್ಲಿ ಚಂದಾದಾರನು ಮಾಲೀಕ, ನೋಡುವವನು ಬೇರೆ. ನೋಡುವವನು ನಾಳೆ ಬೆಳಗ್ಗೆ ಹೊರಟುಹೋಗುತ್ತಾನೆ. ಹೀಗಿರಲು ಆಯ್ಕೆಯು ಹೇಗೆ ನಡೆಯುತ್ತದೆ? ಕ್ರಿಕೆಟ್ ಪಂದ್ಯಗಳ ಕಾಲ ಬಂದಾಗ ಯಾವುದೋ ಒಂದು ಚಾನೆಲಿನ ಬಾಕ್ಸನ್ನು ಕ್ರೀಡಾ ಚಾನೆಲಿಗೆ ತಿರುಗಿಸುತ್ತಾರೆ. ಹಾಗೆ ಸ್ಥಳ ಬಿಟ್ಟುಕೊಡುವುದು ಯಾರು ಜಗಳವಾಡುವುದಿಲ್ಲವೋ ಅವರ ಚಾನೆಲು. ಜಗಳವಾಡದವರು ಸಾಮಾನ್ಯವಾಗಿ ವೃದ್ಧರು, ಹಳ್ಳಿಯಿಂದ ಕೋರ್ಟು ಕಚೇರಿಗೆ ಬಂದವರು, ಆಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ರಾತ್ರಿ ಮಲಗಲು ಬಂದವರು. ಕನ್ನಡವೊಂದನ್ನೇ ಬಲ್ಲ ಇಂಥವರಿಗೆ ಆ ರಾತ್ರಿ ತಮ್ಮ ಮಾತನ್ನಾಡುವ ಸಂಗಾತಿಯೆಂದರೆ ಆ ಪೆಟ್ಟಿಗೆಯೊಂದೇ.

ನಾಲ್ಕನೆಯ ತರಗತಿಯವರೆಗೆ ಓದಿದ ನಮ್ಮ ತಂದೆಯವರು ಕಿಸೆಯ ಡೈರಿಯಲ್ಲಿ ಒಂದು ಅಭ್ಯಾಸವನ್ನು ಇಟ್ಟುಕೊಂಡಿದ್ದಾರೆ. ಯಾವ ಕೋಣೆಯವರು ಯಾವ ಚಾನೆಲು ಕೇಳಿದರೆಂಬುದನ್ನು ಗುಂಡನೆಯ ಅಕ್ಷರಗಳಲ್ಲಿ ಬರೆದಿಡುತ್ತಾರೆ. ಗದರಿ ಕೇಳಿದವರದೂ, ಮೆಲ್ಲಗೆ ಕೇಳಿದವರದೂ ಅಲ್ಲಿ ಒಂದೊಂದೇ ಗೆರೆ. ಕಳೆದ ವರ್ಷ ದೂರದರ್ಶನದ ಚಂದನ ವಾಹಿನಿಯನ್ನು ತೆಗೆಯಬೇಕೆಂದು ಮಾತು ಬಂದಾಗ ಅವರು ಡೈರಿಯನ್ನು ಮಾಲೀಕರ ಮುಂದಿಟ್ಟರು. ಕೃಷಿ ಕಾರ್ಯಕ್ರಮಕ್ಕಾಗಿ ಅದನ್ನು ಕೇಳಿದವರ ಗೆರೆಗಳು ಒಂದು ಪುಟ ತುಂಬಿದ್ದುವು. ಚಂದನ ಉಳಿಯಿತು. ಬಿ.ಎ. ತರಗತಿಯಲ್ಲಿ ಜನಾಭಿಪ್ರಾಯ ಸಂಗ್ರಹದ ವಿಷಯವನ್ನು ಓದುವಾಗ ನನಗೆ ಆ ಡೈರಿಯ ನೆನಪಾಗುತ್ತದೆ.

ಮಾಲೀಕರು ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಬರಿದಾದ ತುದಿಗಳನ್ನು ಮುಚ್ಚುವುದು, ತುಕ್ಕು ಹಿಡಿದ ಪಿನ್ನುಗಳನ್ನೂ ಹಳೆಯ ತಂತಿಯನ್ನೂ ಬದಲಿಸುವುದು, ಆಂಪ್ಲಿಫೈಯರನ್ನು ತಕ್ಕ ಸ್ಥಳದಲ್ಲಿಡುವುದು, ಚಾನೆಲುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೋಣೆಯಲ್ಲಿ ಅಂಟಿಸುವುದು, ಇಷ್ಟರಿಂದಲೇ ಅರ್ಧ ದೂರುಗಳು ತೀರುತ್ತವೆ. ತಿಂಗಳ ಶುಲ್ಕವಿಲ್ಲದ ಡಿ.ಡಿ. ಫ್ರೀ ಡಿಶ್ 2004ರಿಂದಲೂ ಇದೆ. ಅದರಲ್ಲಿ ಚಂದನವೂ ದೊರೆಯುತ್ತದೆ. ಅತಿಥಿಯು ಮಾಡಬೇಕಾದುದು ಇನ್ನೂ ಸುಲಭ. ಚಿತ್ರದ ಅಳತೆಯನ್ನು ಸರಿಪಡಿಸಿಕೊಳ್ಳಲಿ, ಟಿ.ವಿ.ಯ ಹಿಂದಿನ ತಂತಿ ಸಡಿಲವಾಗಿದೆಯೇ ನೋಡಲಿ. ಧ್ವನಿಯು ಒಂದು ಮಿತಿಗಿಂತ ಹೆಚ್ಚದಿದ್ದರೆ ಟಿ.ವಿ. ಕೆಟ್ಟಿದೆಯೆಂದು ತಿಳಿಯದಿರಲಿ, ಪಕ್ಕದ ಕೋಣೆಯವರು ನಿದ್ರಿಸಲೆಂದು 'ಹೋಟೆಲ್ ಮೋಡ್' ಎಂಬ ವ್ಯವಸ್ಥೆಯಿಂದ ಅದನ್ನು ಕಟ್ಟಿರುವ ಸಂಭವವುಂಟು. ಬೇಕಾದ ಚಾನೆಲು ಇಲ್ಲದಿದ್ದರೆ ಕೌಂಟರಿನಲ್ಲಿ ನಯವಾಗಿ ತಿಳಿಸಲಿ. ತಿಳಿಸದಿದ್ದರೆ ಅವನ ಹೆಸರಿನ ಗೆರೆ ಯಾವ ಡೈರಿಯಲ್ಲಿಯೂ ಬೀಳುವುದಿಲ್ಲ.

ವಿದ್ಯಾವಂತನಾದವನು ಕಣ್ಣೆದುರಿನ ವಸ್ತುವಿನ ಹಿಂದಿರುವ ತಂತಿಯನ್ನು ಹಿಡಿದು ಅದು ಎಲ್ಲಿಯವರೆಗೆ ಹೋಗುತ್ತದೆಂದು ನೋಡಬೇಕು. ಹಾಗೆ ನೋಡಿದವನು ತಂತಿಯ ತಪ್ಪಿಗೆ ನೀರು ತಂದವನನ್ನು ಬೈಯಲಾರನು.